ಗನ್ ಇಟ್ಟುಕೊಂಡು ಓಡಾಡುವವರಿಗೆ ಲೀಗಲ್ ಕವರ್: ಯುಎಸ್‌ಸಿಸಿಎನಾ, ಲಾಶೀಲ್ಡಾ?

ಆತ್ಮರಕ್ಷಣೆಗೆ ಗುಂಡು ಹಾರಿಸಿ ಕೇಸು ಬಿದ್ದರೆ ನೆರವಾಗುವ ಅಮೆರಿಕದ ಈ ಎರಡು ಸಂಸ್ಥೆಗಳಲ್ಲಿ ಯಾವುದು ಒಳ್ಳೆಯದು ಅಂತ ಟೆಕ್ಸಸ್‌ನಲ್ಲಿರುವ ಗೆಳೆಯರೊಬ್ಬರು ಕೇಳಿದ್ದರು. ಹೊರಗಿಂದ ಎರಡೂ ಒಂದೇ ಥರ ಕಾಣುತ್ತವೆ, ಒಳಗೆ ಬೇರೆ. ಯುಎಸ್‌ಸಿಸಿಎ ಸದಸ್ಯತ್ವದ ಹಿಂದೆ ಇರುವುದು ಇನ್ಶೂರೆನ್ಸ್ ಪಾಲಿಸಿ, ಅದೂ ಸಂಸ್ಥೆಯ ಹೆಸರಲ್ಲಿ. ಯುಎಸ್ ಲಾಶೀಲ್ಡ್‌ನಲ್ಲಿ ನೀವು ಮುಂಗಡ ಕಟ್ಟುವುದು ವಕೀಲರಿಗಾಗಿ.

ತಿಂಗಳ ಕಂತು ನೋಡಿದರೆ ಲಾಶೀಲ್ಡ್ ಅಗ್ಗ. ಆದರೆ ಜಾಮೀನು, ಬೇರೆ ರಾಜ್ಯಗಳ ಕವರ್ ಬೇಕಂದ್ರೆ ಜಾಸ್ತಿ ಕೊಡಬೇಕು. ಅದನ್ನೆಲ್ಲ ಕೂಡಿಸಿಯೇ ಹೋಲಿಸಿ.

ನಿಜವಾದ ವ್ಯತ್ಯಾಸ ಸಿವಿಲ್ ಕೇಸಿನಲ್ಲಿ. ಕ್ರಿಮಿನಲ್ ಕೇಸಿನಲ್ಲಿ ಬಿಡುಗಡೆಯಾದರೂ ಗುಂಡು ತಗುಲಿದವನ ಮನೆಯವರು ಪರಿಹಾರ ಕೇಳಬಹುದು. ಲಾಶೀಲ್ಡ್ ಮೂಲ ಯೋಜನೆ ವಕೀಲರ ಫೀಸಿಗೆ ಮಾತ್ರ. ಕೋರ್ಟು ಹೇಳಿದ ಪರಿಹಾರ ನಿಮ್ಮ ಜೇಬಿನಿಂದಲೇ. ಯುಎಸ್‌ಸಿಸಿಎ ಪಾಲಿಸಿಯಲ್ಲಿ ಅದಕ್ಕೂ ಕವರ್ ಇದೆ, ಮಿತಿಯೂ ಇದೆ. ಮನೆಯ ಇನ್ಶೂರೆನ್ಸ್ ನೆಚ್ಚಿಕೊಳ್ಳಬೇಡಿ, ಬೇಕಂತ ಮಾಡಿದ ಗಾಯಕ್ಕೆ ಅದು ಸಾಮಾನ್ಯವಾಗಿ ಕೊಡುವುದಿಲ್ಲ.

ಸ್ವಂತ ಮನೆ, ಉಳಿತಾಯ ಇರುವವರಿಗೆ ಯುಎಸ್‌ಸಿಸಿಎ ಸರಿ ಅನಿಸುತ್ತದೆ. ಕಳೆದುಕೊಳ್ಳಲು ಹೆಚ್ಚೇನಿಲ್ಲ, ಒಳ್ಳೆ ವಕೀಲರು ಸಿಕ್ಕರೆ ಸಾಕು ಅನ್ನುವವರಿಗೆ ಲಾಶೀಲ್ಡ್.

ನ್ಯೂಯಾರ್ಕ್‌ಗೆ ಹೋಗಿ ನೆಲೆಸುವ ಯೋಚನೆ ಇದೆಯಾ? ಅಲ್ಲಿ 2018ರಲ್ಲಿ ಗನ್ ಮಾಲೀಕರ ಸಂಘವಾದ ಎನ್‌ಆರ್‌ಎಯ ‘ಕ್ಯಾರಿ ಗಾರ್ಡ್’ ಎಂಬ ಇಂಥದ್ದೇ ಇನ್ಶೂರೆನ್ಸ್ ನಡೆಸುತ್ತಿದ್ದ ಬ್ರೋಕರ್ ಲಾಕ್ಟನ್‌ಗೆ ಅದರ ಸಲುವಾಗಿ 70 ಲಕ್ಷ ಡಾಲರ್ ದಂಡ ಬಿತ್ತು. ಕವರ್ ಆ ರಾಜ್ಯದಲ್ಲಿ ನಡೆಯುತ್ತಾ ಅಂತ ಮೊದಲೇ ಕೇಳಿ. ಶಿಕ್ಷೆಯಾದರೆ ನಿಮ್ಮ ಕೇಸಿಗೆ ಅವರು ಕೊಟ್ಟ ದುಡ್ಡು ವಾಪಸ್ ಕೇಳುತ್ತಾರಾ ಅನ್ನುವುದನ್ನೂ ಓದಿಕೊಂಡೇ ಸಹಿ ಹಾಕಿ.