ಕೋಲಾರದಲ್ಲಿ ಪರಿಸರ ಓದಲು ಹೊರಟವರೇ, ಫೀಸ್ ಕಟ್ಟುವ ಮೊದಲು ಲ್ಯಾಬ್ ಎಲ್ಲಿ ಅಂತ ಕೇಳಿ

‘ಎಂ.ಎಸ್ಸಿ. ಪರಿಸರ ನಿರ್ವಹಣೆ. ಕೆಲಸ ಮಾಡುತ್ತಲೇ ಓದಿ. ಯೂಜಿಸಿ ಮಾನ್ಯತೆ.’ ಕೋಲಾರದ ಒಂದು ಕಟ್ಟಡದ ಮಹಡಿಯಲ್ಲಿದ್ದ ಈ ಬೋರ್ಡ್ ನೋಡಿ ನಾನು 2021ರಲ್ಲಿ ಮೆಟ್ಟಿಲು ಹತ್ತಿದೆ. ಎರಡು ವರ್ಷಕ್ಕೆ ಮನೆಯ 84 ಸಾವಿರ ರೂಪಾಯಿ ಹೋಯಿತು. ಈಗ ಮತ್ತೆ ಡಿಗ್ರಿ ರಿಸಲ್ಟ್ ಬರುವ ಕಾಲ. ಅದೇ ಬೋರ್ಡಿಗೆ ಹೊಸ ಬಣ್ಣ ಹೊಡೆದಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನಗೆ ಈ ಓದಿನ ಆಸೆ ಹುಟ್ಟಿದ್ದು ಕೆರೆಯಿಂದ. ನಮ್ಮದು ವೇಮಗಲ್ ಕಡೆ ಹಳ್ಳಿ, ಮನೆಯಲ್ಲಿ ರೇಷ್ಮೆ. ನಾನು ಹುಟ್ಟಿದ ಮೇಲೆ ನಮ್ಮ ಕಡೆಯ ಕೆರೆಗಳು ತುಂಬಿದ್ದು ನೋಡಿದ್ದೇ ಅಪರೂಪ. 2018ರಲ್ಲಿ ಕೆ.ಸಿ. ವ್ಯಾಲಿ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡುವ ಯೋಜನೆ ಅದು. ಜನ ಪೂಜೆ ಮಾಡಿದರು. ಸ್ವಲ್ಪ ದಿನಕ್ಕೇ ನೊರೆ ಬಂತು ಅಂತ ಗಲಾಟೆಯೂ ಆಯಿತು. ವಿಷಯ ಹೈಕೋರ್ಟ್, ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಕೆಲವರು, ಮೊದಲು ಬೋರ್‌ವೆಲ್‌ನಲ್ಲಿ ನೀರು ಬರಲಿ ಅಂತ ಕೆಲವರು. ನಾನು ಆಗ ಬಿ.ಎಸ್ಸಿ. ಮೊದಲ ವರ್ಷ. ಈ ನೀರು ಒಳ್ಳೆಯದೋ ಕೆಟ್ಟದ್ದೋ ಅಂತ ಪರೀಕ್ಷೆ ಮಾಡಿ ಹೇಳುವವರು ನಮ್ಮೂರಿನವರೇ ಯಾಕೆ ಆಗಬಾರದು ಅನ್ನಿಸಿತು.

ರೆಗ್ಯುಲರ್ ಎಂ.ಎಸ್ಸಿ.ಗೆ ಬೆಂಗಳೂರು ಅಥವಾ ತುಮಕೂರಿಗೆ ಹೋಗಬೇಕಿತ್ತು. ಕೊರೊನಾ ವರ್ಷ. ಹಾಸ್ಟೆಲ್ ಖರ್ಚು ನೆನೆಸಿಕೊಂಡು ಅಪ್ಪ ಹಿಂದೆ ಮುಂದೆ ನೋಡಿದರು. ಆಗ ಸಿಕ್ಕಿದ್ದು ಈ ಸೆಂಟರ್. ಬೇರೆ ರಾಜ್ಯದ ಒಂದು ಖಾಸಗಿ ವಿಶ್ವವಿದ್ಯಾಲಯದ ಸ್ಟಡಿ ಸೆಂಟರ್ ಅಂತ ಹೇಳಿದರು. ಅಲ್ಲಿದ್ದವರು ಅಪ್ಪನಿಗೆ ಕುರ್ಚಿ ಹಾಕಿ, ಟೀ ತರಿಸಿ, “ಯಜಮಾನ್ರೇ, ನೀವೇ ನೋಡಿ” ಅಂತ ಮೊಬೈಲ್ ಕೈಗೆ ಕೊಟ್ಟರು. ಯೂಜಿಸಿ ವೆಬ್‌ಸೈಟ್ ತೆರೆದಿತ್ತು. ಪಟ್ಟಿಯಲ್ಲಿ ಆ ವಿಶ್ವವಿದ್ಯಾಲಯದ ಹೆಸರು ಇತ್ತು. “ಇನ್ನೇನು ಬೇಕಮ್ಮ ನಿಂಗೆ?” ಅಂದರು. ಶಿಡ್ಲಘಟ್ಟದಲ್ಲಿ ಗೂಡು ಮಾರಿ ಬಂದ ದುಡ್ಡನ್ನು ಅಪ್ಪ ಅಲ್ಲೇ ಎಣಿಸಿ ಕೊಟ್ಟರು.

ನಾವು ಬಿದ್ದದ್ದು ಇಲ್ಲೇ. ಅವರು ತೋರಿಸಿದ ಪಟ್ಟಿ ನಿಜವಾದದ್ದೇ. ಆದರೆ ವಿಶ್ವವಿದ್ಯಾಲಯ ಯೂಜಿಸಿ ಪಟ್ಟಿಯಲ್ಲಿ ಇರುವುದು ಬೇರೆ, ದೂರಶಿಕ್ಷಣ ಕೊಡಲು ಅದಕ್ಕೆ ಅನುಮತಿ ಇರುವುದು ಬೇರೆ. ಆ ಅನುಮತಿ ಕೊಡುವುದು ಯೂಜಿಸಿಯ ದೂರಶಿಕ್ಷಣ ಬ್ಯೂರೋ, ಡೆಬ್ ಅಂತಾರೆ. ಯಾವ ವಿಶ್ವವಿದ್ಯಾಲಯ, ಯಾವ ಕೋರ್ಸ್, ಯಾವ ವರ್ಷದ ಅಡ್ಮಿಷನ್ ಅಂತ ಅದರ ಪಟ್ಟಿಯೇ ಪ್ರತ್ಯೇಕ. ಎಂ.ಕಾಂ.ಗೆ ಅನುಮತಿ ಇದೆ ಅಂದರೆ ಎಂ.ಎಸ್ಸಿ.ಗೂ ಇದೆ ಅಂತ ಅಲ್ಲ. ಅದರ ಮೇಲೆ, ಒಂದು ರಾಜ್ಯದ ಖಾಸಗಿ ವಿಶ್ವವಿದ್ಯಾಲಯ ಇನ್ನೊಂದು ರಾಜ್ಯದಲ್ಲಿ ಯಾರಿಗೋ ಫ್ರಾಂಚೈಸಿ ಕೊಟ್ಟು ಸೆಂಟರ್ ನಡೆಸುವ ಹಾಗೇ ಇಲ್ಲ. ಇದು ಹಳೇ ರೋಗ. ಛತ್ತೀಸ್‌ಗಢದಲ್ಲಿ 2002ರ ಒಂದು ಕಾಯ್ದೆ ಹಿಡಿದುಕೊಂಡು ನೂರಕ್ಕೂ ಜಾಸ್ತಿ ಖಾಸಗಿ ವಿಶ್ವವಿದ್ಯಾಲಯಗಳು ಎದ್ದಿದ್ದವು. ವಿಜ್ಞಾನಿ ಯಶ್ ಪಾಲ್ ಅವರು ಸುಪ್ರೀಂ ಕೋರ್ಟಿಗೆ ಹೋಗಿ, 2005ರಲ್ಲಿ ಅವೆಲ್ಲ ರದ್ದಾದವು. ಇದನ್ನೆಲ್ಲ ನಾನು ಓದಿಕೊಂಡಿದ್ದು ದುಡ್ಡು ಕಟ್ಟಿ ಎರಡು ವರ್ಷ ಆದ ಮೇಲೆ.

ರಸೀದಿ ನೋಡಿದ್ದರೂ ಸಾಕಿತ್ತು. ಅದರಲ್ಲಿ ವಿಶ್ವವಿದ್ಯಾಲಯದ ಹೆಸರೇ ಇರಲಿಲ್ಲ. ಯಾವುದೋ ಟ್ರಸ್ಟ್ ಹೆಸರು, ಕೆಳಗೆ ಒಂದು ಸಹಿ.

ಕ್ಲಾಸ್ ಅಂದರೆ ತಿಂಗಳಿಗೆ ಎರಡು ಭಾನುವಾರ. ಜೆರಾಕ್ಸ್ ನೋಟ್ಸ್ ಕೊಡುತ್ತಿದ್ದರು. 1974ರ ನೀರಿನ ಕಾಯ್ದೆ, 1981ರ ಗಾಳಿಯ ಕಾಯ್ದೆ, 1986ರ ಪರಿಸರ ಸಂರಕ್ಷಣಾ ಕಾಯ್ದೆ, 2006ರ ಪರಿಸರ ಪರಿಣಾಮ ಅಧಿಸೂಚನೆ, ಎಲ್ಲಾ ಬಾಯಿಪಾಠ. “ಸರ್, ಲ್ಯಾಬ್ ಯಾವಾಗ?” ಅಂತ ಕೇಳಿದೆ. “ಇದು ಮ್ಯಾನೇಜ್‌ಮೆಂಟ್ ಕೋರ್ಸಮ್ಮ, ಇದಕ್ಕೆ ಲ್ಯಾಬ್ ಬೇಡ” ಅಂದರು. ನಂಬಿದೆ. ಹೆಸರಿನಲ್ಲಿ ನಿರ್ವಹಣೆ ಅಂತ ಇತ್ತಲ್ವಾ, ಹೌದೇನೋ ಅನ್ನಿಸಿತು.

ಕೊನೆಯ ಸೆಮಿಸ್ಟರ್‌ನಲ್ಲಿ ಪ್ರಾಜೆಕ್ಟ್. ನಮ್ಮ ತಾಲ್ಲೂಕಿನ ಬೋರ್‌ವೆಲ್ ನೀರಿನ ಮೇಲೆ ಮಾಡುತ್ತೇನೆ ಅಂದೆ. ರೆಡಿ ಇರುವ ಒಂದು ರಿಪೋರ್ಟ್ ಕೊಟ್ಟು, ಊರಿನ ಹೆಸರು ಬದಲಾಯಿಸಿ ಟೈಪ್ ಮಾಡಿಸಿಕೊಂಡು ಬಾ ಅಂದರು. ಅದರ ಟೇಬಲ್‌ನಲ್ಲಿ ಫ್ಲೋರೈಡ್ ಲೀಟರಿಗೆ 0.4 ಮಿಲಿಗ್ರಾಂ ಅಂತ ಇತ್ತು. ಕುಡಿಯುವ ನೀರಿನಲ್ಲಿ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5 ತನಕ ಆಗಬಹುದು ಅನ್ನುವುದು ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಲೆಕ್ಕ. ನಮ್ಮ ಕೋಲಾರದ ನೀರಿನ ಕಥೆ ಯಾರಿಗೆ ಗೊತ್ತಿಲ್ಲ? ನನ್ನ ಸೋದರತ್ತೆಯ ಊರಿನಲ್ಲಿ ಫ್ಲೋರೈಡ್ ಜಾಸ್ತಿಯಾಗಿ ಮಕ್ಕಳ ಹಲ್ಲೆಲ್ಲ ಹಳದಿ ಗೆರೆ. ಅಂಥ ಊರಿನ ಹೆಸರಿನ ಮುಂದೆ 0.4 ಅಂತ ಟೈಪ್ ಮಾಡಿಸಿ ಬೈಂಡ್ ಹಾಕಿಸಿ ಕೊಟ್ಟೆ. ಕಳೆದುಕೊಂಡ ದುಡ್ಡಿಗಿಂತ ಇದು ನನಗೆ ಜಾಸ್ತಿ ನೋವು. ಆ ನೀರು ನಿಜವಾಗಿ ಪರೀಕ್ಷೆ ಆಗಲೇ ಇಲ್ಲ.

2023ರಲ್ಲಿ ಮಾರ್ಕ್ಸ್ ಕಾರ್ಡ್ ಬಂತು, ಫಸ್ಟ್ ಕ್ಲಾಸ್. ನರಸಾಪುರ ಕಡೆಯ ಒಂದು ನೀರು ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿ ಟ್ರೈನಿಯಾಗಿ ತೆಗೆದುಕೊಂಡರು. ಮೊದಲನೇ ದಿನವೇ ಅಲ್ಲಿನ ಮೇಡಂ ಒಂದು ಬಾಟಲಿ ಕೊಟ್ಟು, ನೀರಿನಲ್ಲಿ ಕರಗಿದ ಆಮ್ಲಜನಕ ಎಷ್ಟಿದೆ ನೋಡು ಅಂದರು. ನೋಟ್ಸ್‌ನಲ್ಲಿ ಇದ್ದದ್ದು ನೆನಪಿತ್ತು. ಮ್ಯಾಂಗನೀಸ್ ಸಲ್ಫೇಟ್ ಹಾಕಿದೆ. ಅಯೋಡೈಡ್ ದ್ರಾವಣ ಹಾಕಿದೆ. ಮುಚ್ಚಳ ಹಾಕಿ ಅಲುಗಾಡಿಸಿದೆ. ಕಂದು ಬಣ್ಣ ಬರಬೇಕು ಅಂತ ಓದಿದ್ದೆ. ಬರಲಿಲ್ಲ. ಹಾಲು ಒಡೆದ ಹಾಗೆ ಬೆಳ್ಳಗೆ ನಿಂತಿತು. ತಪ್ಪಾಯಿತು ಅಂತ ಇನ್ನೊಂದಿಷ್ಟು ಸುರಿದೆ. ಕೈ ನಡುಗುತ್ತಿತ್ತು. ಮೇಡಂ ಬಂದು ಬಾಟಲಿ ಇಸಕೊಂಡರು. “ಇದು ಎಸ್‌ಟಿಪಿಗೆ, ಅಂದ್ರೆ ಶುದ್ಧ ಮಾಡೋ ಘಟಕಕ್ಕೆ, ಒಳಗೆ ಬರೋ ಕೊಳಚೆ ನೀರು. ಇದರಲ್ಲಿ ಆಮ್ಲಜನಕ ಇಲ್ಲ, ಅದಕ್ಕೇ ಬಿಳಿ. ನೀನು ಮಾಡಿದ್ದು ಸರಿಯಾಗೇ ಇತ್ತು. ಯಾವತ್ತೂ ಕಣ್ಣಾರೆ ನೋಡಿಲ್ವಾ?” ಅಂದರು. ನೋಡಿರಲಿಲ್ಲ. ಬಿಓಡಿ, ಅಂದರೆ ನೀರಿನಲ್ಲಿರುವ ಕೊಳೆ ಎಷ್ಟು ಆಮ್ಲಜನಕ ತಿನ್ನುತ್ತದೆ ಅನ್ನುವ ಪರೀಕ್ಷೆಯ ಬಾಟಲಿಗಳನ್ನು 20 ಡಿಗ್ರಿಯಲ್ಲಿ 5 ದಿನ ಇಡಬೇಕು ಅಂತ ನಮ್ಮ ನೋಟ್ಸ್. ಅಲ್ಲಿ 27 ಡಿಗ್ರಿಯಲ್ಲಿ 3 ದಿನ ಇಡುತ್ತಿದ್ದರು, ನಮ್ಮ ದೇಶದಲ್ಲಿ ನಡೆಯುವುದು ಹಾಗೇ. ಎರಡು ತಿಂಗಳಲ್ಲಿ ಆ ಮೇಡಂ ಹತ್ತಿರ ಕಲಿತಷ್ಟು ನಾನು ಎರಡು ವರ್ಷದಲ್ಲಿ ಕಲಿಯಲಿಲ್ಲ.

ಕೆಲಸ ಖಾಯಂ ಮಾಡುವ ಮೊದಲು ಸರ್ಟಿಫಿಕೇಟ್ ವೆರಿಫಿಕೇಶನ್‌ಗೆ ಕಳಿಸಿದರು. ಆ ವರ್ಷಕ್ಕೆ ಆ ಕೋರ್ಸಿಗೆ ಡೆಬ್ ಅನುಮತಿ ಇರಲಿಲ್ಲ ಅಂತ ಗೊತ್ತಾಯಿತು. ಲ್ಯಾಬಿನವರು ಜಗಳ ಆಡಲಿಲ್ಲ, ಬೈಯಲೂ ಇಲ್ಲ. ರಿಪೋರ್ಟ್ ಮಾಡುವವರ ಓದಿನ ದಾಖಲೆ ಆಡಿಟ್‌ನಲ್ಲಿ ನೋಡುತ್ತಾರೆ, ನಾವೇನು ಮಾಡೋದು ಅಂದರು. ಈಗ ನಾನು ಅಲ್ಲೇ ಸ್ಯಾಂಪಲ್ ತರುವ ಕೆಲಸ ಮಾಡುತ್ತೇನೆ, ಬರೀ ಬಿ.ಎಸ್ಸಿ. ಲೆಕ್ಕದಲ್ಲಿ. ಸೆಂಟರ್‌ನಲ್ಲಿ ಕೇಳಿದರೆ ಹಳೇ ಮ್ಯಾನೇಜರ್ ಬಿಟ್ಟು ಹೋದರು ಅಂತಾರೆ.

ಸೇರುವ ಮನಸ್ಸಿದ್ದರೆ ಮೊದಲು ಡೆಬ್ ವೆಬ್‌ಸೈಟ್ ನೀವೇ ತೆರೆಯಿರಿ, ಅವರ ಮೊಬೈಲ್‌ನಲ್ಲಿ ನೋಡಬೇಡಿ. ನೀವು ಸೇರುವ ವರ್ಷ ಮತ್ತು ಕೋರ್ಸಿನ ಪೂರ್ತಿ ಹೆಸರು, ಎರಡೂ ಅಲ್ಲಿ ಇರಬೇಕು. 2024ರಿಂದ ದೂರಶಿಕ್ಷಣಕ್ಕೆ ಸೇರುವವರು ಎಬಿಸಿ ಐಡಿ (ಓದಿನ ಕ್ರೆಡಿಟ್ ಜಮಾ ಆಗುವ ಸರ್ಕಾರಿ ಆನ್‌ಲೈನ್ ಖಾತೆಯ ನಂಬರ್) ಬಳಸಿ ಡೆಬ್ ಐಡಿ ಅಂತ ತಾವೇ ಮಾಡಿಕೊಳ್ಳಬೇಕು. ಅದೆಲ್ಲ ಬೇಡ, ನಾವೇ ನೋಡ್ಕೋತೀವಿ ಅಂದರೆ ಎದ್ದು ಬನ್ನಿ. ದುಡ್ಡು ವಿಶ್ವವಿದ್ಯಾಲಯದ ಖಾತೆಗೇ ಹೋಗಬೇಕು. ಇನ್ನು ಲ್ಯಾಬ್. ದಯವಿಟ್ಟು ಇದನ್ನು ಕೇಳಲು ಸಂಕೋಚ ಪಡಬೇಡಿ. ನೀರು, ಗಾಳಿ, ಮಣ್ಣನ್ನು ಕೈಯಲ್ಲಿ ಮುಟ್ಟದೆ ಈ ಓದು ಆಗುವುದಿಲ್ಲ. ಸೀನಿಯರ್ ಒಬ್ಬರ ರೆಕಾರ್ಡ್ ಬುಕ್ ತೋರಿಸಿ ಅನ್ನಿ.

ಹೋದ ವಾರ ಪಕ್ಕದ ಊರಿನ ಹುಡುಗನೊಬ್ಬ ಅದೇ ಸೆಂಟರ್‌ನ ಪಾಂಪ್ಲೆಟ್ ಹಿಡಿದುಕೊಂಡು ಮನೆಗೆ ಬಂದಿದ್ದ. “ಅಕ್ಕಾ, ನೀವು ಇಲ್ಲೇ ಓದಿದ್ದಲ್ವಾ, ಹೇಗಿದೆ?” ಅಂತ ಕೇಳಿದ. ಇಬ್ಬರೂ ಜಗಲಿ ಮೇಲೆ ಕೂತು ಡೆಬ್ ಪಟ್ಟಿ ಹುಡುಕಿದೆವು. ಆ ಕೋರ್ಸ್ ಇರಲಿಲ್ಲ. ಆಗಲೇ ಮೂರು ಸಾವಿರ ಅಡ್ವಾನ್ಸ್ ಕೊಟ್ಟುಬಿಟ್ಟಿದ್ದಾನೆ. ಸೋಮವಾರ ಅದನ್ನು ವಾಪಸ್ ಕೇಳಲು ಅವನ ಜೊತೆ ನಾನೂ, ನಮ್ಮ ಅಪ್ಪನೂ ಹೋಗುತ್ತಿದ್ದೇವೆ.