ಅತ್ತೆಯ ಮೊಣಕಾಲಿಗೆ ಒಪ್ಪಿದ ಗಾಡಿ: ಏಳು ಸೀಟಿನ ಹಳೆಯ ರೆನೋ ಲಾಡ್ಜಿ ಕಾರು ಕೊಂಡು ಹನ್ನೊಂದು ತಿಂಗಳು

ನಮ್ಮ ಮನೆಯಲ್ಲಿ ಏಳು ಜನ. ಅತ್ತೆ, ಮಾವ, ಯಜಮಾನರು, ನಾನು, ಪಿಯುಸಿ ಓದುವ ಮಗಳು, ಎಂಟನೇ ತರಗತಿಯ ಮಗ, ನಮ್ಮೊಂದಿಗೇ ಇರುವ ನಾದಿನಿ. ಹದಿನಾಲ್ಕು ವರ್ಷ ಐದು ಸೀಟಿನ ಸಣ್ಣ ಕಾರಿನಲ್ಲೇ ಓಡಾಡಿದೆವು. ಧರ್ಮಸ್ಥಳಕ್ಕೋ ಹೊರನಾಡಿಗೋ ಹೊರಟರೆ ಇಬ್ಬರು ಬೆಳಗಿನ ಬಸ್ಸು ಹಿಡಿಯಬೇಕಿತ್ತು, ಇಲ್ಲವೇ ಬಾಡಿಗೆ ಗಾಡಿ ಹೇಳಬೇಕಿತ್ತು. ಎರಡು ವರ್ಷದ ಹಿಂದೆ ಅತ್ತೆಯ ಎರಡೂ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಆಯಿತು. ಆಮೇಲೆ ಅವರು ಕಾರು ಹತ್ತುವುದನ್ನೇ ಬಿಟ್ಟರು. ತವರಿನಲ್ಲಿ ನಡೆದ ತಮ್ಮನ ಮಗನ ಮದುವೆಗೂ ಬರಲಿಲ್ಲ. ಆ ರಾತ್ರಿಯೇ ನಾನೂ ಯಜಮಾನರೂ ಕೂತು ಲೆಕ್ಕ ಹಾಕಿದೆವು. ನನ್ನ ಮೇಷ್ಟ್ರ ಕೆಲಸದ ಉಳಿತಾಯ, ಆಲ್ದೂರಿನ ಕಡೆ ಇರುವ ನಾಲ್ಕು ಎಕರೆ ತೋಟದ ಮೆಣಸಿನ ದುಡ್ಡು ಎಲ್ಲ ಸೇರಿಸಿದರೆ ಐದೂವರೆ ಲಕ್ಷ. ಸಾಲ ಮಾಡುವುದು ಬೇಡವೆಂದು ಇಬ್ಬರೂ ಒಪ್ಪಿಕೊಂಡೆವು. ಗಾಡಿಯ ಬೆಲೆ, ವಿಮೆ, ವರ್ಗಾವಣೆ, ಕೊಂಡ ಮೇಲಿನ ರಿಪೇರಿ ಎಲ್ಲವೂ ಅಷ್ಟರಲ್ಲೇ ಮುಗಿಯಬೇಕು.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಅಳೆಯದೆ ಯಾವುದನ್ನೂ ನಂಬುವ ಅಭ್ಯಾಸ ನನಗಿಲ್ಲ. ಅತ್ತೆ ಮೂವತ್ತು ವರ್ಷ ಮನೆಯಲ್ಲೇ ಬಟ್ಟೆ ಹೊಲಿದವರು. ಅವರ ಟೇಪನ್ನು ಚೀಲಕ್ಕೆ ಹಾಕಿಕೊಂಡು ಗಾಡಿ ನೋಡಲು ಹೊರಟೆ. ಅತ್ತೆಗೆ ನೋವಾಗದ ಕುರ್ಚಿಯೊಂದು ಮನೆಯಲ್ಲಿದೆ. ಮೊದಲು ಅದರ ಎತ್ತರ ಅಳೆದು ಬರೆದುಕೊಂಡೆ. ಯಾವ ಗಾಡಿಯ ನಡುಸಾಲಿನ ಸೀಟು ನೆಲದಿಂದ ಆ ಎತ್ತರಕ್ಕೆ ಹತ್ತಿರವಿದೆಯೋ ಅದಕ್ಕೆ ಅವರು ಕಾಲೆತ್ತಿ ಹತ್ತಬೇಕಿಲ್ಲ, ಕುಸಿದು ಕೂರಬೇಕಿಲ್ಲ, ಪಕ್ಕಕ್ಕೆ ತಿರುಗಿ ಕೂತರೆ ಸಾಕು. ವಿಶಾಲವಾದ ಗಾಡಿ ಎಂದರೆ ಎಲ್ಲರೂ ಚಾವಣಿಯ ಎತ್ತರ, ಬಾನೆಟ್ಟಿನ ಅಗಲ ತೋರಿಸುತ್ತಾರೆ. ನನಗೆ ಬೇಕಾಗಿದ್ದ ವಿಶಾಲ ಎರಡು ಕಡೆ ಮಾತ್ರ: ಅತ್ತೆ ಹತ್ತುವ ಬಾಗಿಲಿನಲ್ಲಿ, ಮತ್ತು ನಾದಿನಿ ಕೂರುವ ಹಿಂದಿನ ಸಾಲಿನಲ್ಲಿ. ನಾದಿನಿ ಐದು ಅಡಿ ಏಳು ಅಂಗುಲ. ಆಕೆ ಕೂತು ನೋಡದೆ ಯಾರ ಬಳಿಯೂ ಬೆಲೆ ಮಾತಾಡಲಿಲ್ಲ.

ಇನ್ನೋವಾ ಎಲ್ಲರ ಬಾಯಲ್ಲೂ ಮೊದಲು ಬರುವ ಹೆಸರು. ಅದು 2005ರಿಂದ ನಮ್ಮ ರಸ್ತೆಗಳಲ್ಲಿದೆ, ಅದರ 2.5 ಲೀಟರ್ ಡೀಸೆಲ್ ಎಂಜಿನ್ನಿನ ಬಾಳಿಕೆಯ ಬಗ್ಗೆ ಯಾರಿಗೂ ಅನುಮಾನವಿಲ್ಲ. ಆದರೆ ನಮಗೆ ಸಿಕ್ಕ 2012ರ ಗಾಡಿಗೆ ಏಳು ಲಕ್ಷದ ಮೇಲೆ ಹೇಳಿದರು, ಅದೂ ಎರಡು ಲಕ್ಷ ಕಿಲೋಮೀಟರ್ ದಾಟಿದ್ದಕ್ಕೆ. ಬೆಲೆ ಹೋಗಲಿ, ಚಾಸಿ ಎನ್ನುವ ಉಕ್ಕಿನ ಚೌಕಟ್ಟಿನ ಮೇಲೆ ಬಾಡಿ ಕೂರಿಸಿದ ಗಾಡಿಯಾದ್ದರಿಂದ ನೆಲ ಎತ್ತರ. ಅತ್ತೆ ಬಾಗಿಲ ಹಿಡಿ ಹಿಡಿದು ಎರಡು ಸಲ ಪ್ರಯತ್ನಿಸಿ ಕಾಲು ಕೆಳಗಿಟ್ಟರು. ಝೈಲೋ ಒಳಗೆ ಧಾರಾಳ ಜಾಗ, ಆದರೆ ಹತ್ತುವ ಕಷ್ಟ ಅದೇ. 2012ರಲ್ಲಿ ಬಂದ ಮೊದಲ ಪೀಳಿಗೆಯ ಎರ್ಟಿಗಾ ಅತ್ತೆಗೆ ಹಿಡಿಸಿತು. ಬಿಡಿಭಾಗ ಎಲ್ಲಿ ಬೇಕಾದರೂ ಸಿಗುತ್ತದೆ, ನಮ್ಮೂರಿನ ಯಾವ ಮೆಕ್ಯಾನಿಕ್ಕಿಗೂ ಅದು ಹೊಸತಲ್ಲ. ಮೂರನೇ ಸಾಲಿನಲ್ಲಿ ಮಾತ್ರ ನಾದಿನಿಯ ಮೊಣಕಾಲು ಎದೆಯ ಕಡೆಗೆ ಬಂತು. ಮಕ್ಕಳನ್ನು ಹಿಂದೆ ಕೂರಿಸುವ ಮನೆಗೆ ಅದು ಒಳ್ಳೆಯ ಗಾಡಿ. ಟ್ರೈಬರ್ ನೋಡಿ ಸಂತೋಷವಾಯಿತು, ನಾಲ್ಕು ಮೀಟರಿನ ಒಳಗೆ ಏಳು ಸೀಟು ಹೊಂದಿಸಿರುವ ಬುದ್ಧಿಗೆ ತಲೆದೂಗಬೇಕು. ಆದರೆ 999 ಸಿಸಿಯ, 72 ಅಶ್ವಶಕ್ತಿಯ ಎಂಜಿನ್ ಏಳು ಜನರನ್ನು ಹೊತ್ತು ಚಾರ್ಮಾಡಿ ಘಾಟಿ ಹತ್ತಬೇಕು. ನಮ್ಮ ದಾರಿಗಳಿಗೆ ಅದು ಸಾಲದು ಎನ್ನುವುದು ನನ್ನ ಅಭಿಪ್ರಾಯ. ಬಯಲುಸೀಮೆಯವರ ಲೆಕ್ಕ ಬೇರೆ ಇರಬಹುದು.

ಹುಡುಕುವಾಗ ಕಂಡ ಎರಡು ಗಾಡಿಗಳ ಬಗ್ಗೆ ಹೇಳಲೇಬೇಕು.

ಒಂದು ಹಾಸನದಲ್ಲಿ, ಬಿ.ಎಂ. ರಸ್ತೆಯ ಬದಿಯ ಹಳೆಯ ಕಾರುಗಳ ಅಂಗಡಿಯೊಂದರಲ್ಲಿ. ಮೀಟರು 62,000 ಕಿಲೋಮೀಟರ್ ತೋರಿಸುತ್ತಿತ್ತು. ಒಳಗೆ ಹೊಸ ಸೀಟ್ ಕವರು, ಡ್ಯಾಶ್‌ಬೋರ್ಡಿಗೆ ಹೊಳಪು. ಆದರೆ ಕ್ಲಚ್ ಪೆಡಲಿನ ರಬ್ಬರು ನುಣ್ಣಗೆ ಸವೆದಿತ್ತು, ಗೇರಿನ ಹಿಡಿಯ ಮೇಲಿನ ಅಂಕಿಗಳು ಅಳಿಸಿಹೋಗಿದ್ದವು. ಅಷ್ಟು ಕಡಿಮೆ ಓಡಿದ ಗಾಡಿಗೆ ಅಷ್ಟು ಸವೆತ ಹೇಗೆ ಬಂತು? ಸರ್ವಿಸ್ ದಾಖಲೆ ತರಿಸಿ ನೋಡಿದರೆ ಎರಡು ವರ್ಷದ ಹಿಂದೆಯೇ 1,38,000 ದಾಟಿತ್ತು. ಅಂಗಡಿಯವರು, "ಮೇಡಂ, ಮೀಟರ್ ಬೋರ್ಡು ಬದಲಾಗಿರಬಹುದು, ಎಂಜಿನ್ ನೋಡಿ" ಎಂದರು. ಎಂಜಿನ್ ನೋಡುವ ಅಗತ್ಯ ನನಗೆ ಕಾಣಲಿಲ್ಲ. ಒಂದು ಅಂಕಿಯಲ್ಲಿ ಸುಳ್ಳು ಹೇಳಿದವರನ್ನು ಉಳಿದ ಅಂಕಿಗಳಲ್ಲಿ ನಂಬುವುದು ಹೇಗೆ? ಅರ್ಧ ದಿನ ರಜೆ ಹಾಕಿ ಹೋಗಿದ್ದೆ, ಸಿಟ್ಟು ಇಡೀ ವಾರ ಇಳಿಯಲಿಲ್ಲ.

ಇನ್ನೊಂದು ಕರಾವಳಿಯಲ್ಲಿ ಓಡಿದ ಗಾಡಿ. ಮೇಲೆ ಬಣ್ಣ ಕನ್ನಡಿಯಂತಿತ್ತು. ಬಾಗಿಲಿನ ರಬ್ಬರ್ ಬೀಡಿಂಗ್ ಎಳೆದು ನೋಡಿದೆ, ಅಂಚಿನಲ್ಲಿ ಕಂದು ಪುಡಿ. ಟಾರ್ಚು ಹಿಡಿದು ಕೆಳಗೆ ನೋಡಿದರೆ ಸೈಲೆನ್ಸರಿನ ಪೈಪು, ಸಸ್ಪೆನ್ಷನ್ನಿನ ತೋಳು ಎಲ್ಲ ಹಪ್ಪಳದಂತೆ ಎದ್ದಿದ್ದವು. ಕಬ್ಬಿಣ ತುಕ್ಕು ಹಿಡಿಯಲು ನೀರು, ಗಾಳಿ ಸಾಕು. ಅದರ ಜೊತೆ ಉಪ್ಪು ಸೇರಿದರೆ ನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿದು ತುಕ್ಕು ಬೇಗ ಹಬ್ಬುತ್ತದೆ. ಪ್ರತಿ ವರ್ಷ ಮಕ್ಕಳಿಗೆ ಮೊಳೆ ಮತ್ತು ಉಪ್ಪುನೀರಿನ ಪ್ರಯೋಗ ಮಾಡಿ ತೋರಿಸುವ ಪಾಠವಿದು. ನಮ್ಮ ಮಲೆನಾಡಿನ ಗಾಡಿಗಳಿಗೆ ಉಪ್ಪುಗಾಳಿ ಇಲ್ಲ, ಆದರೆ ನಾಲ್ಕು ತಿಂಗಳ ಮಳೆ ಇದೆ. ಕಾಲಡಿಯ ಕಾರ್ಪೆಟ್ಟು ಎತ್ತಿ ಕೈಯಿಟ್ಟು ನೋಡಬೇಕು. ಒದ್ದೆಯಾಗಿದ್ದರೆ, ಮುಗ್ಗಲು ವಾಸನೆ ಬಂದರೆ ಅಲ್ಲಿಗೆ ಕೈ ಮುಗಿದು ಬರುವುದೇ ಮೇಲು.

ಕಡಿಮೆ ಬೆಲೆಗೆ ಸಿಗುತ್ತದೆಂದು ಯಜಮಾನರ ಸ್ನೇಹಿತರೊಬ್ಬರು ದೆಹಲಿ ಗಾಡಿ ತೋರಿಸಿದರು. ಹತ್ತು ವರ್ಷ ಮೀರಿದ ಡೀಸೆಲ್ ಗಾಡಿಗಳನ್ನು ಅಲ್ಲಿ ಓಡಿಸಬಾರದೆಂಬ ನಿಯಮ ಇದ್ದುದರಿಂದ ಅವು ಹೊರ ರಾಜ್ಯಗಳಿಗೆ ಬರುತ್ತಿದ್ದವು. ಆದರೆ ಅಲ್ಲಿಂದ ನಿರಾಕ್ಷೇಪಣಾ ಪತ್ರ ತರಬೇಕು, ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು, ಹೊಸದಾಗಿ ನೋಂದಣಿ ಆಗಬೇಕು. ಇದೆಲ್ಲ ಕೂಡಿಸಿದಾಗ ಉಳಿತಾಯವೆಂದು ಕಂಡಿದ್ದು ಕರಗಿಹೋಯಿತು.

ಕೊನೆಗೆ ಸಿಕ್ಕಿದ್ದು 2016ರ ರೆನೋ ಲಾಡ್ಜಿ. ನಮ್ಮೂರಿನವರೇ ಆದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರದ್ದು, ಚಿಕ್ಕಮಗಳೂರಿನ ಕೆಎ 18ರದೇ ನೋಂದಣಿ, ಮೊದಲ ಮಾಲೀಕರು, 81,000 ಕಿಲೋಮೀಟರ್ ಓಡಿದ್ದು. ಪ್ರತಿ ಸರ್ವಿಸ್ಸಿನ ಬಿಲ್ಲನ್ನೂ ದಾರ ಕಟ್ಟಿ ಇಟ್ಟಿದ್ದರು. ಈ ಗಾಡಿ ಭಾರತಕ್ಕೆ ಬಂದಿದ್ದು 2015ರಲ್ಲಿ, 2020ರಲ್ಲಿ ಮಾರಾಟ ನಿಂತಿತು. ನಿಂತುಹೋದ ಗಾಡಿ ಎಂದು ಜನ ಹಿಂಜರಿಯುತ್ತಾರೆ. ಹಾಗಾಗಿಯೇ ಅದೇ ವರ್ಷದ ಎರ್ಟಿಗಾಗಿಂತ ಎರಡು ಲಕ್ಷದಷ್ಟು ಕಡಿಮೆಗೆ ನಮಗೆ ಸಿಕ್ಕಿತು. ನನ್ನ ಧೈರ್ಯಕ್ಕೆ ಕಾರಣ ಎಂಜಿನ್. 1,461 ಸಿಸಿಯ ಅದೇ ಡೀಸೆಲ್ ಎಂಜಿನ್ ರೆನೋದವರದ್ದೇ ಹಳೆಯ ಡಸ್ಟರಿನಲ್ಲೂ ಇದೆ, ಡಸ್ಟರ್ ನಮ್ಮ ತೋಟದ ಸೀಮೆಯಲ್ಲಿ ಬೇಕಾದಷ್ಟಿವೆ. ಎಂಜಿನ್ ಬಲ್ಲವರಿಗೆ ಬರವಿಲ್ಲ. ಬಂಪರು, ದೀಪದಂಥ ಹೊರಭಾಗಗಳಿಗೆ ಮಾತ್ರ ಹುಡುಕಾಟ ಬೇಕಾದೀತು, ಅದನ್ನು ತಿಳಿದೇ ಕೊಂಡೆ.

ಅತ್ತೆಯನ್ನು ಮೊದಲು ಕೂರಿಸಿದೆವು. ಟೇಪು ಹಿಡಿದರೆ ಮನೆಯ ಕುರ್ಚಿಗೂ ಸೀಟಿಗೂ ಎರಡು ಬೆರಳಿನ ವ್ಯತ್ಯಾಸ. ಅತ್ತೆ ಬೆನ್ನು ತಿರುಗಿಸಿ ಕೂತು, ಎರಡೂ ಕಾಲನ್ನು ಒಟ್ಟಿಗೆ ಒಳಗೆ ತಂದುಕೊಂಡು, "ನೋಡಮ್ಮ, ಯಾರೂ ಹಿಡಿಯಲಿಲ್ಲ" ಎಂದರು. ನಡುಸಾಲಿನ ಸೀಟು ಮಡಚಿ ಮುಂದಕ್ಕೆ ಮಗುಚುತ್ತದೆ, ಹಿಂದೆ ಹೋಗಲು ದಾರಿ ಅಗಲ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2,810 ಮಿಲಿಮೀಟರ್ ಅಂತರವಿರುವುದರ ಫಲ ಮೂರನೇ ಸಾಲಿನಲ್ಲಿ ಕಾಣುತ್ತದೆ. ನಾದಿನಿಯ ಮೊಣಕಾಲಿಗೂ ಮುಂದಿನ ಸೀಟಿಗೂ ನಾಲ್ಕು ಬೆರಳು ಜಾಗ, ತಲೆಯ ಮೇಲೆ ಒಂದು ಅಂಗೈ. ಎಸಿ ಗಾಳಿ ಚಾವಣಿಯಿಂದ ಹಿಂದಿನವರಿಗೂ ಬರುತ್ತದೆ.

ಪರೀಕ್ಷೆಗೆ ಏಳು ಜನರೂ ಹತ್ತಿ ವಾರದ ನಡುವಿನ ಒಂದು ಬೆಳಗ್ಗೆ ಕೈಮರ ದಾಟಿ ಸೀತಾಳಯ್ಯನಗಿರಿಯ ಏರು ಹಿಡಿದೆವು. ಮಾರುವವರು ತಮ್ಮ ಸ್ಕೂಟರಿನಲ್ಲಿ ಹಿಂದೆ ಬಂದರು, ಅವರ ಒಳ್ಳೆಯತನ. ಖಾಲಿ ಗಾಡಿಯನ್ನು ಸಮತಟ್ಟಾದ ರಸ್ತೆಯಲ್ಲಿ ಓಡಿಸಿದರೆ ಏನೂ ತಿಳಿಯದು. ಘಟ್ಟದ ಊರಿನ ಗಾಡಿಗಳಲ್ಲಿ ಮೊದಲು ಸೋಲುವುದು ಕ್ಲಚ್ಚು. ಏರಿನಲ್ಲಿ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ನಿನ ಸದ್ದು ಏರಿ ವೇಗ ಏರದಿದ್ದರೆ ಪ್ಲೇಟು ಜಾರುತ್ತಿದೆ ಎಂದರ್ಥ. ಇದು ಜಾರಲಿಲ್ಲ. ಇಳಿಯುವಾಗ ಬ್ರೇಕ್ ಒತ್ತಿದರೆ ಸ್ಟೀರಿಂಗ್ ನಡುಗುತ್ತದೆಯೇ ಎಂದು ಗಮನಿಸಿದೆ, ಸ್ವಲ್ಪ ನಡುಕವಿತ್ತು. ಕೆ.ಎಂ. ರಸ್ತೆಯ ಪರಿಚಯದ ಮೆಕ್ಯಾನಿಕ್ಕಿಗೆ 1,500 ರೂಪಾಯಿ ಕೊಟ್ಟು ಗಾಡಿ ಮೇಲೆತ್ತಿಸಿ ತೋರಿಸಿದೆ. ಟೈರುಗಳ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಎರಡು ಟೈರು ಗಾಡಿಯಷ್ಟೇ ಹಳೆಯವು, ಗೀರು ಉಳಿದಿದ್ದರೂ ರಬ್ಬರು ಗಟ್ಟಿಯಾಗಿತ್ತು. ಇನ್ನೊಂದು ದೊಡ್ಡ ವಿಷಯ ಟೈಮಿಂಗ್ ಬೆಲ್ಟ್, ಎಂಜಿನ್ನಿನ ವಾಲ್ವುಗಳನ್ನೂ ಪಿಸ್ಟನ್ನುಗಳನ್ನೂ ತಾಳ ತಪ್ಪದಂತೆ ಓಡಿಸುವ ಪಟ್ಟಿ. ಈ ಎಂಜಿನ್ನಿಗೆ ಚೈನ್ ಇಲ್ಲ, ಬೆಲ್ಟ್ ಇದೆ. ಓಡುವಾಗ ಅದು ತುಂಡಾದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಎಂಜಿನ್ನನ್ನೇ ಬಿಚ್ಚಬೇಕಾಗುತ್ತದೆ. ಬಿಲ್ಲಿನ ಕಟ್ಟಿನಲ್ಲಿ ಬೆಲ್ಟ್ ಬದಲಿಸಿದ ಚೀಟಿ ಇರಲಿಲ್ಲ. ಈ ಮೂರನ್ನೂ ಮುಂದಿಟ್ಟು 4,95,000 ಹೇಳಿದ್ದನ್ನು 4,60,000ಕ್ಕೆ ಒಪ್ಪಿಸಿದೆ. "ಸರ್, ನೀವು ಸುಳ್ಳು ಹೇಳಲಿಲ್ಲ, ಅದಕ್ಕೇ ಇಷ್ಟು ಕೊಡುತ್ತಿದ್ದೇನೆ" ಎಂದಿದ್ದೆ, ಮನಸಾರೆ.

ಆಮೇಲಿನ ಖರ್ಚು: ನಾಲ್ಕು ಟೈರಿಗೆ 22,400, ವಾಟರ್ ಪಂಪ್ ಸಹಿತ ಬೆಲ್ಟಿಗೆ 13,800, ಬ್ರೇಕು, ಆಯಿಲ್, ಫಿಲ್ಟರಿಗೆ 9,200, ಎಸಿಗೆ 3,500, ವಿಮೆಗೆ 14,600. ಒಟ್ಟು 63,500. ಈ ಹಣ ಎತ್ತಿಡದೆ ಐದೂವರೆ ಲಕ್ಷವನ್ನೂ ಗಾಡಿಗೇ ಸುರಿದಿದ್ದರೆ ಹಳೆಯ ಬೆಲ್ಟಿನಲ್ಲೇ ಘಟ್ಟ ಇಳಿಯುತ್ತಿದ್ದೆವು. ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30 ಸಹಿಯಾದ ದಿನವೇ ಕೈಗೆ ತೆಗೆದುಕೊಂಡೆ. ಹಿಂದಿನವರ ಸಾಲ ತೀರಿದ್ದರೂ ಆರ್‌ಸಿಯಲ್ಲಿ, ಎಂದರೆ ನೋಂದಣಿ ಪತ್ರದಲ್ಲಿ, ಬ್ಯಾಂಕಿನ ಹೆಸರು ಉಳಿದಿರುವುದುಂಟು, ಅದನ್ನು ತೆಗೆಸಲು ಫಾರಂ 35 ಬೇಕು. ಪರಿಹಾರ ಕೇಳದೆ ಕಳೆದ ವರ್ಷಗಳಿಗೆ ಸಿಗುವ ವಿಮೆಯ ನೋ ಕ್ಲೇಮ್ ರಿಯಾಯಿತಿ ಗಾಡಿಯೊಂದಿಗೆ ಬರುವುದಿಲ್ಲ, ಅದು ಹಳೆಯ ಮಾಲೀಕರದ್ದು. ನೋಂದಣಿ ಹದಿನೈದು ವರ್ಷಕ್ಕೆ ಇರುವುದರಿಂದ 2031ರವರೆಗೆ ಆ ಚಿಂತೆಯಿಲ್ಲ.

ಹನ್ನೊಂದು ತಿಂಗಳಲ್ಲಿ 13,000 ಕಿಲೋಮೀಟರ್ ಆಗಿದೆ. ಟ್ಯಾಂಕ್ ತುಂಬಿಸಿ ತುಂಬಿಸಿ ನಾನೇ ಲೆಕ್ಕ ಇಟ್ಟಿದ್ದೇನೆ: ನಮ್ಮ ಏರಿಳಿತದಲ್ಲಿ ಲೀಟರಿಗೆ 16, ಬೆಂಗಳೂರಿನ ದಾರಿಯಲ್ಲಿ 19. ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ಎರಡು ಸಲ ಹೋಗಿ ಬಂದೆವು. ಹಿಂದಿರುಗುವಾಗ ತಿರುವುಗಳಲ್ಲಿ ಎರಡನೇ ಗೇರಿನಲ್ಲಿ ಎಂಜಿನ್ ಕುಗ್ಗಿದರೆ ನಾಚದೆ ಮೊದಲನೆಯದಕ್ಕೆ ಇಳಿಸಬೇಕು. ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಎಚ್ಚರಗೊಂಡ ಮೇಲೆ 85 ಅಶ್ವಶಕ್ತಿಗೆ ಏಳು ಜನ ಭಾರವೆನಿಸುವುದಿಲ್ಲ.

ಕೊರತೆಗಳನ್ನೂ ಹೇಳುತ್ತೇನೆ. ಏಳೂ ಜನ ಕೂತಾಗ ಡಿಕ್ಕಿಯಲ್ಲಿ ಉಳಿಯುವುದು 207 ಲೀಟರ್, ಎಂದರೆ ಎರಡು ಸಣ್ಣ ಸೂಟ್‌ಕೇಸು, ಒಂದು ತಿಂಡಿ ಬುಟ್ಟಿ. ಸ್ಟೀರಿಂಗ್ ತುಸು ಭಾರ, ಪೇಟೆಯಲ್ಲಿ ತಿರುಗಿಸುವಾಗ ನನ್ನ ತೋಳಿಗೆ ಗೊತ್ತಾಗುತ್ತದೆ. ನೆಲದಿಂದ ಅಂತರ 174 ಮಿಲಿಮೀಟರ್, ತೋಟದ ಮಣ್ಣಿನ ದಾರಿಗೆ ಮಳೆಗಾಲದಲ್ಲಿ ಒಯ್ಯುವುದಿಲ್ಲ, ಅದಕ್ಕೆ ಜೀಪೇ ಸರಿ. ಎಲ್ಲಕ್ಕಿಂತ ಮುಖ್ಯ, ಇದರ ಏರ್‌ಬ್ಯಾಗ್ ಇಲ್ಲದ ಮಾದರಿಗೆ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಅಪಘಾತ ಸುರಕ್ಷತಾ ಪರೀಕ್ಷೆಯಲ್ಲಿ ಒಂದು ನಕ್ಷತ್ರವೂ ಸಿಗಲಿಲ್ಲ. ನಾವು ಕೊಂಡಿದ್ದು ಎರಡು ಏರ್‌ಬ್ಯಾಗ್, ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ಜಾರದಂತೆ ತಡೆಯುವ ಎಬಿಎಸ್ ಇರುವ ಮೇಲಿನ ಮಾದರಿ. ಕೆಳಗಿನ ಮಾದರಿ ಎಷ್ಟೇ ಅಗ್ಗಕ್ಕೆ ಬಂದರೂ ನಾನು ಮಕ್ಕಳನ್ನು ಅದರಲ್ಲಿ ಕೂರಿಸುತ್ತಿರಲಿಲ್ಲ.

ಕುಯ್ಲಿನ ದಿನಗಳಲ್ಲಿ ಹಿಂದಿನ ಸೀಟನ್ನು ಪೂರ್ತಿ ಕಳಚಿ ಜಗಲಿಯಲ್ಲಿಡುತ್ತೇವೆ, ಇಬ್ಬರು ಹಿಡಿದರೆ ಬರುತ್ತದೆ. ಆ ಜಾಗದಲ್ಲಿ ಮೆಣಸಿನ ಚೀಲಗಳು ಆರಾಮವಾಗಿ ಹಿಡಿಸುತ್ತವೆ. ಪೋರ್ಟಿಕೊ ಹದಿನಾರು ಅಡಿ, ಗಾಡಿ ಹದಿನಾಲ್ಕು ಮುಕ್ಕಾಲು. ಗೇಟು ಮುಚ್ಚುತ್ತದೆ, ಆದರೆ ಮಾವನ ತುಳಸಿ ಕುಂಡವನ್ನು ಪಕ್ಕಕ್ಕೆ ಸರಿಸಬೇಕಾಯಿತು. ಅತ್ತೆ ಕಳೆದ ತಿಂಗಳು ತವರಿಗೆ ಹೋಗಿ ತಮ್ಮನ ಆ ಹೊಸ ಸೊಸೆಗೆ ಸೀರೆ ಉಡಿಸಿ ಬಂದರು. ನಡುಸಾಲಿನ ಎಡಗಡೆಯ ಕಿಟಕಿ ಈಗ ಅವರದ್ದು, ಟೇಪು ಅದೇ ಬಾಗಿಲಿನ ಖಾನೆಯಲ್ಲಿದೆ.