ಪಿಸಿ ವಿಆರ್‌ಗೆ ಕ್ವೆಸ್ಟ್ 2: ಕೆಲವು ವರ್ಷ ಬಳಸಿದ ಮೇಲೆ

ಮೆಟಾ (ಆಗಿನ ಫೇಸ್‌ಬುಕ್) ಕಂಪನಿಯ, ತಲೆಗೆ ಕಟ್ಟಿಕೊಂಡು ನೋಡುವ ವಿಆರ್ ಹೆಡ್‌ಸೆಟ್ ಕ್ವೆಸ್ಟ್ 2ನ್ನು ಪಿಸಿಗೆ ಸೇರಿಸಿ ಆಡಬೇಕು ಅನ್ನುವವರು ಮೊದಲು ಕೇಳುವುದು ಚಿತ್ರ ಎಷ್ಟು ಸ್ಪಷ್ಟ ಅಂತ. ನಾನು ಅವರಿಗೆ ರೂಟರ್ ಎಲ್ಲಿಟ್ಟಿದ್ದೀರಿ ಅಂತ ಕೇಳುತ್ತೇನೆ. ಈ ಹೆಡ್‌ಸೆಟ್ ಬಗ್ಗೆ ಬರುವ ದೂರುಗಳಲ್ಲಿ ಜಾಸ್ತಿ ಪಾಲು ಮನೆಯ ವೈಫೈ ತಂದಿಟ್ಟದ್ದು ಅನ್ನುವುದು ನನ್ನ ಅನುಭವ.

ಇದು 2020ರ ಅಕ್ಟೋಬರ್‌ನಲ್ಲಿ 299 ಡಾಲರ್‌ಗೆ ಬಂತು. ಆಗ ಪಿಸಿಗೆಂದೇ ಮಾಡಿದ ಇನ್ನೊಂದು ಹೆಡ್‌ಸೆಟ್ ವಾಲ್ವ್ ಇಂಡೆಕ್ಸ್‌ನ ಪೂರ್ತಿ ಸೆಟ್‌ಗೆ 999 ಡಾಲರ್ ಇತ್ತು. ಒಂದು ಕಣ್ಣಿಗೆ 1832 x 1920 ಪಿಕ್ಸೆಲ್ ಅಂದರೆ ಆ ಬೆಲೆಗೆ ದೊಡ್ಡ ಮಾತು. ನಮ್ಮ ದೇಶದಲ್ಲಿ ಇದು ಅಧಿಕೃತವಾಗಿ ಮಾರಾಟಕ್ಕೆ ಬರಲಿಲ್ಲ. ಇಲ್ಲಿ ಸಿಕ್ಕಿದ್ದೆಲ್ಲ ಯಾರೋ ಹೊರಗಿನಿಂದ ತಂದು ಮಾರಿದ್ದು. ವಾರಂಟಿ ಸಿಗುವುದಿಲ್ಲ ಅಂತ ಗೊತ್ತಿದ್ದೇ ನಾನೂ ತರಿಸಿಕೊಂಡೆ.

ಇದಕ್ಕೆ ಮಾನಿಟರ್‌ನ ಹಾಗೆ ಡಿಸ್‌ಪ್ಲೇಪೋರ್ಟ್ ಕೇಬಲ್ ಸಿಕ್ಕಿಸಲು ಬರುವುದಿಲ್ಲ. ಯುಎಸ್‌ಬಿ ಆಗಲಿ ವೈಫೈ ಆಗಲಿ, ಪಿಸಿ ಪ್ರತಿಯೊಂದು ಚಿತ್ರವನ್ನೂ ವಿಡಿಯೋ ಆಗಿ ಕುಗ್ಗಿಸಿ ಕಳಿಸುತ್ತದೆ. ಹೆಡ್‌ಸೆಟ್ ಅದನ್ನು ಬಿಡಿಸಿ ತೋರಿಸುತ್ತದೆ. 90 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 90 ಚಿತ್ರದಂತೆ ಆಡಿದರೆ ಒಂದು ಚಿತ್ರಕ್ಕೆ ಸಿಗುವ ಸಮಯ ಸುಮಾರು 11 ಮಿಲಿಸೆಕೆಂಡ್ ಅಷ್ಟೇ. ವೈಫೈ ಒಂದೆರಡು ಸಲ ತಡವರಿಸಿದರೂ ಸಾಕು, ತಲೆ ತಿರುಗಿಸಿದಾಗ ಲೋಕ ಹಿಂದೆ ಬೀಳುತ್ತದೆ. ಮಾನಿಟರ್ ಮೇಲೆ ಗಮನಕ್ಕೇ ಬಾರದ ತಡ ಇಲ್ಲಿ ಹೊಟ್ಟೆ ತೊಳಸುತ್ತದೆ.

ಇದಕ್ಕೆ ಮದ್ದು ಸುಲಭ. ಪಿಸಿಯಿಂದ ರೂಟರ್‌ಗೆ ಈಥರ್ನೆಟ್ ಕೇಬಲ್ ಹಾಕಿ. ರೂಟರ್ ನೀವು ಆಡುವ ಕೋಣೆಯಲ್ಲೇ ಇರಲಿ. ವೈಫೈನ 5 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿ ಹೆಡ್‌ಸೆಟ್ ಒಂದೇ ಇದ್ದರೆ ಇನ್ನೂ ಒಳ್ಳೆಯದು. ಇಂಟರ್ನೆಟ್ ಪ್ಲಾನ್ ಎಷ್ಟು ಎಂಬಿಪಿಎಸ್ ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ, ಏಕೆಂದರೆ ಚಿತ್ರ ಹೋಗುವುದು ಮನೆಯೊಳಗೇ. ಫೈಬರ್‌ನವರು ಕೊಟ್ಟ ಡಬ್ಬಿ ಹಾಲ್‌ನಲ್ಲಿದ್ದರೆ ಅದು ಅಲ್ಲೇ ಇರಲಿ. ಕೋಣೆಗೆ ಇನ್ನೊಂದು ವೈಫೈ 6 ರೂಟರ್ ತನ್ನಿ. ನಾನು ಮಾಡಿರುವುದು ಅದೇ. ಪಿಸಿಯ ಚಿತ್ರವನ್ನು ವೈಫೈ ಮೂಲಕ ಹೆಡ್‌ಸೆಟ್‌ಗೆ ಕಳಿಸಲು ನಾನು ಬಳಸುವ ವರ್ಚುವಲ್ ಡೆಸ್ಕ್‌ಟಾಪ್ ಆ್ಯಪ್‌ಗೆ ದುಡ್ಡು ಕೊಡಬೇಕು, ಆದರೆ ಅದರಲ್ಲಿ ಗೇಮ್, ನೆಟ್‌ವರ್ಕ್, ಡಿಕೋಡಿಂಗ್ (ಹೆಡ್‌ಸೆಟ್ ಚಿತ್ರ ಬಿಡಿಸುವುದು) ಇವುಗಳಲ್ಲಿ ಯಾವುದು ಎಷ್ಟು ತಡ ಮಾಡುತ್ತಿದೆ ಅಂತ ಬೇರೆ ಬೇರೆಯಾಗಿ ಕಾಣುತ್ತದೆ. ತಪ್ಪು ಗ್ರಾಫಿಕ್ಸ್ ಕಾರ್ಡ್‌ನದೋ ರೂಟರ್‌ನದೋ ಅಂತ ಊಹಿಸುತ್ತಾ ಕೂರಬೇಕಿಲ್ಲ. ಪುಕ್ಕಟೆ ಬೇಕಾದವರಿಗೆ ಏರ್ ಲಿಂಕ್ ಇದೆ. 2023ರ ಕೊನೆಗೆ ಸ್ಟೀಮ್ ಲಿಂಕ್ ಕೂಡ ಬಂತು.

ನನ್ನ ಪಿಸಿಯಲ್ಲಿರುವುದು ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್. ವಿಮಾನ ಹಾರಿಸುವ ಭಾರಿ ಸಿಮ್ಯುಲೇಟರ್‌ಗಳಲ್ಲಿ ಅದು 90 ಮುಟ್ಟುವುದಿಲ್ಲ. ಅಂಥ ಕಡೆ ನಾನು 72 ಹರ್ಟ್ಸ್‌ಗೆ ಇಳಿಸಿಕೊಳ್ಳುತ್ತೇನೆ. ಏರಿಳಿಯುವ 90ಕ್ಕಿಂತ ಸ್ಥಿರವಾದ 72 ಎಷ್ಟೋ ಮೇಲು. ಹೊಸಬರು ನಿಂತಲ್ಲೇ ಇಲ್ಲವೇ ಕೂತಲ್ಲೇ ಆಡುವ, ಸುತ್ತಲಿನ ಲೋಕ ತಾನಾಗಿ ಓಡದ ಗೇಮ್‌ಗಳಿಂದಲೇ ಶುರುಮಾಡಲಿ. ತಲೆ ಸುತ್ತಿದ ತಕ್ಷಣ ತೆಗೆದಿಡಬೇಕು, ಹಟ ಹಿಡಿದು ಕೂರಬಾರದು.

ಮುಖದ ಮೇಲಿನ ಭಾರ ಇದರ ನಿಜವಾದ ಕೊರತೆ. 503 ಗ್ರಾಂ ತೂಕ ಪೂರ್ತಿ ಮುಂದಕ್ಕೇ ಎಳೆಯುತ್ತದೆ, ಪೆಟ್ಟಿಗೆಯಲ್ಲಿ ಬರುವ ಬಟ್ಟೆ ಪಟ್ಟಿ ಅದನ್ನು ಹೊರುವುದಿಲ್ಲ. ಹಿಂದೆ ಬ್ಯಾಟರಿ ಇರುವ ಗಟ್ಟಿ ಸ್ಟ್ರಾಪ್ ಹಾಕಿದ ಮೇಲೆ ಇದು ಬೇರೆಯೇ ವಸ್ತುವಾಯಿತು. ತೂಕ ಎರಡೂ ಕಡೆ ಹಂಚಿಹೋಗುತ್ತದೆ, ಎರಡು ಮೂರು ಗಂಟೆಗೆ ಮುಗಿಯುತ್ತಿದ್ದ ಚಾರ್ಜ್ ಕೂಡ ಮುಂದಕ್ಕೆ ಹೋಗುತ್ತದೆ. ಮುಖಕ್ಕೆ ತಾಗುವ ಸ್ಪಂಜಿನಿಂದ ಕೆಲವರ ಚರ್ಮ ಕೆರಳಿ, 2021ರಲ್ಲಿ ಕಂಪನಿಯೇ ಸಿಲಿಕೋನ್ ಕವರ್ ಹಂಚಿತ್ತು. ನಮ್ಮ ಏಪ್ರಿಲ್ ಸೆಕೆಗೆ ಸಿಲಿಕೋನ್ ಒಳಗೆ ಬೆವರು ನಿಲ್ಲುತ್ತದೆ. ನಾನು ತೆಳು ಹತ್ತಿ ಬಟ್ಟೆ ಹಾಕುತ್ತೇನೆ, ಫ್ಯಾನ್ ನೇರ ಮುಖಕ್ಕೆ.

ಲೆನ್ಸ್‌ಗಳ ನಡುವಿನ ದೂರಕ್ಕೆ ಮೂರೇ ಹೆಜ್ಜೆ: 58, 63, 68 ಮಿ.ಮೀ. ನನ್ನ ಕಣ್ಣಿಗೆ 63 ಚೆನ್ನಾಗಿ ಹೊಂದುತ್ತದೆ. ತಂಗಿಯದು 58, 63ರ ನಡುವೆ, ಅವಳಿಗೆ ಅಂಚುಗಳು ಮಸುಕು. ಕೊಳ್ಳುವ ಮೊದಲು ಕನ್ನಡಕದ ಅಂಗಡಿಯಲ್ಲಿ ನಿಮ್ಮ ಪಿಡಿ, ಅಂದರೆ ಎರಡು ಕಣ್ಣುಪಾಪೆಗಳ ನಡುವಿನ ದೂರ, ಅಳೆಸಿಕೊಳ್ಳಿ. ಎಲ್‌ಸಿಡಿ ಪರದೆ ಆದ್ದರಿಂದ ಕಪ್ಪು ಬಣ್ಣ ಬೂದು ಬಣ್ಣವಾಗಿ ಕಾಣುತ್ತದೆ. ಕತ್ತಲೆಯ ಗೇಮ್‌ಗಳಲ್ಲಿ ಇದು ಗೊತ್ತಾಗುತ್ತದೆ.

ಇಷ್ಟಾದರೂ ಇದನ್ನು ಬಿಡಲು ಮನಸ್ಸಿಲ್ಲ. ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಉಚಿತವಾಗಿ ಸಿಗುವ ಗೂಗಲ್ ಅರ್ಥ್ ವಿಆರ್‌ನಲ್ಲಿ ಪಶ್ಚಿಮ ಘಟ್ಟದ ಮೇಲೆ ನಿಂತು ನೋಡಿ. ಹತ್ತಿರ ಹೋದರೆ ಕಾಡು, ಮನೆ ಎಲ್ಲ ಚಪ್ಪಟೆ ಚಿತ್ರ, ನಿಜ. ಆದರೆ ಸ್ವಲ್ಪ ಮೇಲಿನಿಂದ ಕುದುರೆಮುಖದ ಸಾಲು, ಪಡುವಣಕ್ಕೆ ಜಾರಿ ಕರಾವಳಿ ಸೇರುವ ಇಳಿಜಾರು ಕಂಡಾಗ ಮೈ ಜುಮ್ಮೆನ್ನುತ್ತದೆ. ಮಂಡಿ ನೋವಿನಿಂದ ಬೆಟ್ಟ ಹತ್ತುವುದು ಬಿಟ್ಟಿರುವ ಅಮ್ಮ ಕುರ್ಚಿಯಲ್ಲಿ ಕೂತೇ ಇದನ್ನೆಲ್ಲ ನೋಡಿದರು. ಎಷ್ಟು ಪಿಕ್ಸೆಲ್ ಅಂತ ಅವರು ಕೇಳಲಿಲ್ಲ.

ಈಗ ಹೊಸದು ಕೊಳ್ಳುವವರಿಗೆ 2024ರ ಅಕ್ಟೋಬರ್‌ನಲ್ಲಿ 299 ಡಾಲರ್‌ಗೇ ಬಂದ ಕ್ವೆಸ್ಟ್ 3ಎಸ್ ಇದೆ. ಪಿಕ್ಸೆಲ್ ಅಷ್ಟೇ, ಲೆನ್ಸ್ ಕೂಡ ಅದೇ ಫ್ರೆನೆಲ್ (ಉಂಗುರ ಉಂಗುರವಾಗಿ ಗೆರೆಗಳಿರುವ) ಬಗೆಯದು. ಚಿಪ್ ಮಾತ್ರ ವೇಗದ್ದು. ಹಳೆಯ ಕ್ವೆಸ್ಟ್ 2 ಕಡಿಮೆ ಬೆಲೆಗೆ ಸಿಕ್ಕರೆ ಪಿಸಿಗೆ ಈಗಲೂ ಸಾಕು. ಆದರೆ ಕೊಳ್ಳುವಾಗ ಒಂದು ಬಿಳಿ ಪುಟ ತೆರೆದು ಚೆನ್ನಾಗಿ ನೋಡಿ. ಲೆನ್ಸ್ ಮೂಲಕ ಬಿಸಿಲು ಬಿದ್ದಿದ್ದರೆ ಪರದೆ ಸುಟ್ಟು ಕಲೆ ಉಳಿದಿರುತ್ತದೆ, ಅದು ಹೋಗುವುದಿಲ್ಲ. ಕಂಟ್ರೋಲರ್‌ನ ಕಡ್ಡಿ ಮುಟ್ಟದೆಯೇ ಪರದೆಯಲ್ಲಿ ಏನಾದರೂ ಸರಿಯುತ್ತದೆಯಾ ಅಂತಲೂ ನೋಡಿ. ಮಾರುವವರು ತಮ್ಮ ಖಾತೆ ತೆಗೆದು, ನಿಮ್ಮೆದುರೇ ಫ್ಯಾಕ್ಟರಿ ರೀಸೆಟ್ ಮಾಡಿದ ಮೇಲೆ ದುಡ್ಡು ಕೊಡಿ.